ಕಂಕುಳಲ್ಲಿ ಅಕ್ಕನ ನರ

"ಕೈ ಮೇಲೆತ್ತು."

ಎತ್ತಿದೆ. ಬಲಗೈ.

"ಎರಡೂ."

ಅದೊಂದು ಮಾತ್ರ ಸಾಧ್ಯವಿರಲಿಲ್ಲ...

ಎದುರಿಗೆ ನಿಂತಿದ್ದವನ ಕೈಯಲ್ಲಿ ಪಿಸ್ತೂಲು. ಆಳು ದಪ್ಪ. ಬೆವರು ಕಿತ್ತುಕೊಂಡು ಬರುವ ಸೆಖೆಯಲ್ಲೂ ಕತ್ತಿನವರೆಗೆ ಮುಚ್ಚುವ ಉಣ್ಣೆಯ ಸ್ವೆಟರ್ ಹಾಕಿದ್ದ. ಹೆಸರು ಗೊತ್ತಿರಲಿಲ್ಲವಾದ್ದರಿಂದ ಬೆಳಗಿನಿಂದಲೂ ಮನಸ್ಸಿನಲ್ಲಿ ಅವನನ್ನು ಸ್ವೆಟರ್ ಎಂದೇ ಕರೆಯುತ್ತಿದ್ದೆ. ಅವನ ಹಿಂದೆ ಬಿಳಿ ಕೋಟಿನ ಡೆಂಟಿಸ್ಟ್, ನಾವು ನಿಂತಿದ್ದ ಕ್ಲಿನಿಕ್ಕಿನ ಮಾಲೀಕ. ಅವನು ಎಲ್ಲ ಹಲ್ಲು ತೋರಿಸಿ ನಗುತ್ತಿದ್ದ. ಹಲ್ಲುಗಳೇನೋ ಚೆನ್ನಾಗಿದ್ದವು.

"ಎಡಗೈಗೆ ಏನಾಗಿದೆ?" ಡೆಂಟಿಸ್ಟ್ ಕೇಳಿದ.

"ಕಂಕುಳಲ್ಲಿ ಕುರು ಎದ್ದಿದೆ ಸಾರ್. ಎತ್ತಕ್ಕಾಗಲ್ಲ."

"ತೋರಿಸು. ನಾನು ಡಾಕ್ಟರು."

"ನೀವು ಹಲ್ಲಿನ ಡಾಕ್ಟರು ಸಾರ್. ಅಲ್ಲಿ ಇನ್ನೂ ಹಲ್ಲು ಹುಟ್ಟಿಲ್ಲ."

ಸ್ವೆಟರ್ ಕಿಸಕ್ಕೆಂದ. ಡೆಂಟಿಸ್ಟ್ ಅವನನ್ನು ದುರುಗುಟ್ಟಿಕೊಂಡು ನೋಡಿದ.

ನಿಮಗಾದರೂ ನಿಜ ಹೇಳಿಬಿಡುತ್ತೇನೆ. ಕುರು ಅಲ್ಲ, ಮಣ್ಣೂ ಅಲ್ಲ. ಅಂಗಿಯೊಳಗೆ, ಎಡಗಂಕುಳಲ್ಲಿ, ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ ಬಾಟಲಿ ಇತ್ತು. ಅದರ ತುಂಬ ಗುಲಾಬಿ ಬಣ್ಣದ ದ್ರವ. ಆ ದ್ರವದೊಳಗೆ ನನ್ನ ಅಕ್ಕನ ಬಲಗೈ.

ಇರಿ, ಗಾಬರಿಯಾಗಬೇಡಿ... ಹೀಗೆ ನಡುವಿನಿಂದ ಹೇಳಿದರೆ ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಪಿಸ್ತೂಲು ಅಲ್ಲೇ ಇರಲಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲಿನಿಂದ ಹೇಳುತ್ತೇನೆ.

ಕಳೆದುಹೋದದ್ದನ್ನು ಹುಡುಕಿ ತರುವುದು ನನ್ನ ಕೆಲಸ. ಕದ್ದ ಕಾರು, ಓಡಿಹೋದ ಗಂಡ, ಒಮ್ಮೆ ಒಂದು ಗಿಳಿ. ಪೊಲೀಸರ ಹತ್ತಿರ ಹೋಗಲು ಮುಜುಗರಪಡುವವರು ನನ್ನ ಹತ್ತಿರ ಬರುತ್ತಾರೆ. ಗಂಡಂದಿರಿಗಿಂತ ಗಿಳಿ ವಾಸಿ. ಸಿಕ್ಕಿಬಿದ್ದ ಮೇಲೆ ಅಳಲಿಲ್ಲ.

ಅಕ್ಕನದು ಸಲೂನು. ನೀಲಿ ಬಾಗಿಲು, ಒಂದೇ ಕುರ್ಚಿ. ಅಪ್ಪನ ಕತ್ತಿ ಅವಳ ಕೈಗೆ ಹೋಯಿತು, ಅಪ್ಪನ ಬಾಯಿ ಇಬ್ಬರಿಗೂ ಸಮನಾಗಿ ಬಂತು. ಗಿರಾಕಿಯ ಮೂಗು ಹಿಡಿದು ತಲೆಯನ್ನು ಬೇಕಾದ ಕಡೆ ತಿರುಗಿಸುತ್ತಿದ್ದಳು. ಊರಿನ ಎಂತೆಂಥ ಪುಂಡರೂ ಆ ಕುರ್ಚಿಯಲ್ಲಿ ಬಾಲ ಮುದುರಿಕೊಂಡು ಕೂರುತ್ತಿದ್ದರು. ನಾನು ಆ ಕಡೆ ಕಾಲಿಡುತ್ತಿದ್ದುದು ಕಡಿಮೆ. ಇಟ್ಟರೆ ಪೊರಕೆ ಕೈಗೆ ಬರುತ್ತಿತ್ತು.

ಒಂದು ದಿನ ಸಲೂನಿನ ಗೋಡೆಯ ದೊಡ್ಡ ಕನ್ನಡಿ ಕಳಚಿ ಬಿತ್ತು. ಕುರ್ಚಿಯಲ್ಲಿದ್ದ ಗಿರಾಕಿಯ ತಲೆಗೆ ಬೀಳಬೇಕಿತ್ತು. ಅಕ್ಕ ಕೈ ಅಡ್ಡ ಕೊಟ್ಟಳು. ಗಿರಾಕಿಯ ತಲೆ ಉಳಿಯಿತು, ಅಕ್ಕನ ಮಣಿಕಟ್ಟಿನ ನರ ತುಂಡಾಯಿತು. ಆಸ್ಪತ್ರೆಯಲ್ಲಿ ಹೊಲಿದರು. ಗಾಯ ಕೂಡಿತು, ನರ ಕೂಡಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಮರದ ತುಂಡುಗಳಾದವು. ಬಿಸಿನೀರಿನಲ್ಲಿ ಅದ್ದಿದರೂ ಗೊತ್ತಾಗದು. ಕತ್ತಿ ಕೈಯಲ್ಲಿದೆಯೋ ಜಾರಿತೋ ಎಂದು ಕಣ್ಣಿನಿಂದ ನೋಡಿ ತಿಳಿಯಬೇಕು. ಹಾಗೇ ಹಟಕ್ಕೆ ಬಿದ್ದು ಕೆಲಸ ಮಾಡಿದಳು. ಒಬ್ಬನ ಕಿವಿಯ ತುದಿ ಹಾರಿತು. ಅಂದೇ ಷಟರ್ ಎಳೆದಳು.

"ಕೈ ಇಲ್ದಿದ್ರೆ ನಾನು ಬರೀ ವಟವಟ ಅನ್ನೋ ಹೆಂಗಸು ಕಣೋ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ.

ಆಗ ನಡುವೆ ಬಂದವಳು ನನ್ನ ಮಾಜಿ ಹೆಂಡತಿ. ನನ್ನನ್ನು ಬಿಟ್ಟರೂ ಅಕ್ಕನನ್ನು ಬಿಟ್ಟಿರಲಿಲ್ಲ. ಅವಳಿಗೆ ಲ್ಯಾಬಿನಲ್ಲಿ ಕೆಲಸ. ಏನು ಕೆಲಸ ಗೊತ್ತೇ? ಹಲ್ಲಿನಿಂದ ನರ ಬೆಳೆಸುವುದು! ಹಲ್ಲಿನ ಗಟ್ಟಿ ಚಿಪ್ಪಿನ ಒಳಗೆ ಚಿಟಿಕೆಯಷ್ಟು ಮೆತ್ತನೆ ತಿರುಳಿರುತ್ತದಂತೆ. ಹಲ್ಲುನೋವು ಬಂದಾಗ ನಮಗೆ ಸತ್ತ ಅಜ್ಜಿಯನ್ನೆಲ್ಲ ನೆನಪಿಸುವುದು ಅದೇ. ಆ ತಿರುಳಿನಲ್ಲಿ ಸ್ಟೆಮ್ ಸೆಲ್‌ಗಳಿರುತ್ತವೆ. ಮುಂದೆ ಏನಾಗಬೇಕೆಂದು ಇನ್ನೂ ತೀರ್ಮಾನ ಮಾಡದ ಕೋಶಗಳು. ಸರಿಯಾದ ಊಟ ಹಾಕಿ, ಸರಿಯಾದ ಬಿಸಿಯಲ್ಲಿಟ್ಟು ಪುಸಲಾಯಿಸಿದರೆ ನರ ಬೆಳೆಸುವ ಕೋಶಗಳಾಗುತ್ತವೆ. ಅವನ್ನು ಸಣ್ಣ ನಳಿಕೆಯಲ್ಲಿ ತುಂಬಿ, ತುಂಡಾದ ನರದ ಎರಡು ತುದಿಗಳ ನಡುವೆ ಹೊಲಿದರೆ ಸೇತುವೆ ಸಿದ್ಧ. ನರ ಅದರ ಮೇಲೆ ನಡೆದು ಆಚೆ ದಡ ಸೇರಬಹುದು. ಸೇರದೆಯೂ ಇರಬಹುದು. ಪ್ರಯೋಗ.

ಮದುವೆಯಾದಷ್ಟು ದಿನವೂ ಪುಸಲಾಯಿಸಿದರೂ ನಾನು ಏನೂ ಆಗಲಿಲ್ಲ ಎಂಬುದು ನನ್ನ ಬಗ್ಗೆ ಅವಳ ದೂರು.

ಅಕ್ಕನ ದವಡೆಯ ತುದಿಯಲ್ಲಿ ಅಡ್ಡಡ್ಡ ಮೊಳೆತ ಬುದ್ಧಿಹಲ್ಲೊಂದಿತ್ತು. ಅದನ್ನು ಕಿತ್ತವನು ಇದೇ ಡೆಂಟಿಸ್ಟ್. ಅಂದು ನಾನೂ ಅಲ್ಲಿದ್ದೆ, ಅಕ್ಕನ ಎಡಗೈ ಹಿಡಿದುಕೊಂಡು. ಅವನು ನನ್ನ ಮುಖ ನೋಡಲೇ ಇಲ್ಲ, ಬಾಯಿ ತೆರೆದವರನ್ನಷ್ಟೇ ನೋಡುವವನು. ಅವನು ಹಲ್ಲು ಕಿತ್ತವನೇ ಅದೇ ಕೈಯಲ್ಲಿ ಪಕ್ಕದ ಸ್ಪಿರಿಟ್ ಬಾಟಲಿಗೆ ಹಾಕಲು ಹೋದ. ಮಾಜಿ ಹೆಂಡತಿ ಹಾರಿ ಅವನ ಮಣಿಕಟ್ಟು ಹಿಡಿದಳು.

"ಸ್ಪಿರಿಟ್‌ಗೆ ಹಾಕಿದ್ರೆ ಒಳಗಿನ ತಿರುಳು ಸತ್ತೋಗುತ್ತೆ ಡಾಕ್ಟ್ರೇ."

ಅಭ್ಯಾಸ ಬಲ ಎಂದು ಅವನು ಹಲ್ಲು ಕಿರಿದ. ಕಾಲೇಜಿನಲ್ಲಿ ಕಲಿತದ್ದಂತೆ, ಕಿತ್ತ ಹಲ್ಲನ್ನೆಲ್ಲ ಹಾಗೇ ಇಡುವುದಂತೆ. ಅವನ ಹಿಂದಿನ ಗೋಡೆಯ ಕಪಾಟಿನ ತುಂಬ ಸ್ಪಿರಿಟ್ ಬಾಟಲಿಗಳು ಸಾಲಾಗಿ ಕೂತಿದ್ದವು. ಒಂದೊಂದರಲ್ಲೂ ಒಂದೊಂದು ಪುಟ್ಟ ಹಲ್ಲು. ಮಾಜಿ ಹೆಂಡತಿ ಅಕ್ಕನ ಹಲ್ಲನ್ನು ತನ್ನ ತಣ್ಣನೆಯ ಡಬ್ಬಿಗೆ ಹಾಕಿಕೊಂಡು, ಕೋಶಗಳನ್ನು ಮೈಬಿಸಿಯಲ್ಲೇ ಬೆಳೆಸಬೇಕು ಎಂದು ಅವನಿಗೊಂದು ಸಣ್ಣ ಪಾಠವನ್ನೂ ಮಾಡಿ ಬಂದಳು. ಅವನ ಅಭ್ಯಾಸ, ಅವಳ ಪಾಠ ಎರಡನ್ನೂ ನೆನಪಿಡಿ.

ಆಪರೇಷನ್ನಿನ ದಿನ ಬಂತು. ಮಧ್ಯಾಹ್ನ ಅಕ್ಕನ ಕೈ ಬಿಚ್ಚುವುದೆಂದು ಸರ್ಜನ್ ಹೇಳಿದ್ದ. ಬೆಳಿಗ್ಗೆ ಮಾಜಿ ಹೆಂಡತಿಯ ಫೋನು. ಕೋಶಗಳ ಬಾಟಲಿ ಇಲ್ಲ ಎಂದಳು. ಅವಳ ದನಿ ನಡುಗುತ್ತಿತ್ತು. ಡೈವೋರ್ಸ್ ಕಾಗದಕ್ಕೆ ಹಾಡು ಗುನುಗುತ್ತ ಸಹಿ ಹಾಕಿದವಳು ಅವಳು!

ಲ್ಯಾಬಿಗೆ ಓಡಿದೆ. ಇನ್‌ಕ್ಯುಬೇಟರ್ ಎಂಬ ಬಿಸಿ ಪೆಟ್ಟಿಗೆಯ ಮುಂದೆ ಅವಳು ಕುಕ್ಕರಗಾಲಿನಲ್ಲಿ ಕೂತಿದ್ದಳು. ಆಸ್ಪತ್ರೆಗೆ ಒಯ್ಯಲೆಂದು ಬಾಟಲಿಯ ಬಾಯಿಮಟ್ಟ ದ್ರವ ತುಂಬಿ, ಮುಚ್ಚಳ ಬಿಗಿದು, ಅದೇ ಪೆಟ್ಟಿಗೆಯೊಳಗೆ ಇಟ್ಟು, ಗಾಡಿಗೆ ಫೋನ್ ಮಾಡಲು ಆಚೆ ಹೋಗಿದ್ದಳಂತೆ. ಅಷ್ಟರಲ್ಲಿ ಆ ಪೆಟ್ಟಿಗೆಯ ಗ್ಯಾಸ್ ಸಿಲಿಂಡರ್ ಬದಲಿಸುವವನೆಂದು ಹೇಳಿಕೊಂಡು ಒಬ್ಬ ಬಂದು ಹೋಗಿದ್ದ. ಬಾಗಿಲ ಕಾವಲಿನವನು ಹೇಳಿದ್ದು: ದಪ್ಪ ಆಳು, ಈ ಸೆಖೆಯಲ್ಲೂ ಸ್ವೆಟರ್.

"ಬೇರೆ ಬಾಟಲಿ ಇಲ್ವಾ?"

"ಉಳಿದಿದ್ದಕ್ಕೆಲ್ಲ ಬೂಷ್ಟು ಬಂತು, ಬಿಸಾಕ್ದೆ. ಅದೊಂದೇ ಇದ್ದಿದ್ದು. ಹಲ್ಲೂ ಒಂದೇ ಇದ್ದಿದ್ದು."

"ತಣ್ಣಗಾದ್ರೆ?"

"ಮುದುಡಿಕೊಳ್ತವೆ. ಆಮೇಲೆ ಒಂದೊಂದೇ ಉದುರಿ ಹೋಗ್ತವೆ. ಅಕ್ಕನ ಕೈ ಅಲ್ಲಿಗೆ ಮುಗೀತು."

ತಲೆ ಕೆರೆದುಕೊಂಡೆ. ಅದನ್ನು ಕದ್ದು ಯಾರಿಗೇನು ಲಾಭ? ಬೇರೆಯವರ ಮೈಗೆ ಆಗುವುದಿಲ್ಲ, ಕುಡಿಯಲೂ ಬರುವುದಿಲ್ಲ. ಇವತ್ತು ಈ ಊರಿನಲ್ಲಿ ಜೀವಂತ ಹಲ್ಲಿನ ಕೋಶ ಬೇರೆ ಯಾರಿಗೆ ಬೇಕಿತ್ತು ಎಂದು ಕೇಳಿದೆ. ಆ ಡೆಂಟಿಸ್ಟ್ ಹಲ್ಲಿನ ಬ್ಯಾಂಕ್ ತೆರೆದಿದ್ದಾನಲ್ಲ, ಅದರ ತಪಾಸಣೆ ಇವತ್ತೇ ಎಂದಳು. ಮಕ್ಕಳ ಹಾಲುಹಲ್ಲು ಬಿದ್ದರೆ ನನಗೆ ಕೊಡಿ, ಜೋಪಾನವಾಗಿ ಇಡುತ್ತೇನೆ, ಮುಂದೆ ನಿಮ್ಮ ಮಗುವಿಗೆ ನರ ಬೇಕಾದರೆ ಅದರಿಂದಲೇ ಬೆಳೆಸಬಹುದು ಎಂದು ಎಷ್ಟೋ ತಂದೆತಾಯಿಯರಿಂದ ಹಲ್ಲನ್ನೂ ಹಣವನ್ನೂ ಸಂಗ್ರಹಿಸಿದ್ದ. ಇಟ್ಟ ಹಲ್ಲಿನಿಂದ ಒಂದಾದರೂ ಜೀವಂತ ಕೋಶ ಬೆಳೆಸಿ ತೋರಿಸು ಎಂದು ತಪಾಸಣೆಯವರು ಪಟ್ಟು ಹಿಡಿದಿದ್ದರು.

ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಸ್ಪಿರಿಟ್!

ಕಪಾಟಿನ ತುಂಬ ಸ್ಪಿರಿಟ್ಟಿನಲ್ಲಿ ಮುಳುಗಿದ ಪುಟ್ಟ ಪುಟ್ಟ ಹಲ್ಲುಗಳು. ಒಂದರಲ್ಲೂ ಜೀವವಿರಲು ಸಾಧ್ಯವಿಲ್ಲ. ಅದು ಬ್ಯಾಂಕಲ್ಲ, ಸ್ಮಶಾನ. ಅಭ್ಯಾಸ ಬಲದಿಂದ ಎಲ್ಲವನ್ನೂ ತಾನೇ ಕೊಂದು, ಈಗ ಕೊನೆ ಗಳಿಗೆಯಲ್ಲಿ ಅವನಿಗೆ ಒಂದು ಜೀವಂತ ಬಾಟಲಿ ಬೇಕಾಗಿತ್ತು. ಅದು ಎಲ್ಲಿ ಬೆಳೆಯುತ್ತಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಪೊಲೀಸರಿಗೆ ಹೇಳೋಣವೇ ಎಂದಳು. ಹಲ್ಲಿನ ತಿರುಳು ಕಳುವಾಗಿದೆ ಎಂದು ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ಅಕ್ಕನಿಗೆ ಹೊಸ ಹಲ್ಲೇ ಹುಟ್ಟಿರುತ್ತದೆ ಎಂದೆ. ಅದೇ ಅಳತೆಯ ಖಾಲಿ ಬಾಟಲಿಯೊಂದನ್ನು ಇಸಿದುಕೊಂಡೆ. ಹೊರಡುವಾಗ ನನ್ನ ತೋಳು ಹಿಡಿದು, ಸಿಕ್ಕಿದ ಕೂಡಲೇ ಮೈಬಿಸಿಯಲ್ಲಿ ಇಟ್ಟುಕೋ ಎಂದಳು. ಅದು ಹೇಗೆಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ. ಲ್ಯಾಬಿನಲ್ಲಿ ಕರೆಂಟ್ ಕೈಕೊಟ್ಟರೆ ಅವಳು ಬಾಟಲಿಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೊಟ್ಟೆಗೆ ಕೂತ ಕೋಳಿಯಂತೆ ಅಲ್ಲಾಡದೆ ಕೂರುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಕಣ್ಣಾರೆ ನೋಡಿದ್ದೇನೆ. ಆ ಕಂಕುಳ ಹತ್ತಿರ ನನ್ನನ್ನು ಮಾತ್ರ ಬಿಟ್ಟುಕೊಳ್ಳುತ್ತಿರಲಿಲ್ಲ ಎಂಬುದು ಅವಳ ಬಗ್ಗೆ ನನ್ನ ದೂರು.

ಕ್ಲಿನಿಕ್ಕಿಗೆ ಹಲ್ಲುನೋವಿನ ರೋಗಿಯಾಗಿ ಹೋದೆ. ಕೆನ್ನೆಯೊಳಗೆ ಕರ್ಚೀಫು ತುರುಕಿಕೊಂಡು, ನರಳಿಕೊಂಡು. ಮುಂದಿನ ಹಾಲಿನಲ್ಲಿ ಕುರ್ಚಿ ಹಾಕಿ ತಂದೆತಾಯಿಯರನ್ನು ಕೂರಿಸಿದ್ದರು. ಎದುರಿಗೆ ಮೈಕ್ರೋಸ್ಕೋಪು, ಅದರ ಪಕ್ಕ ತಪಾಸಣೆಗೆ ಬಂದ ಗಂಭೀರ ಮುಖದ ಹೆಂಗಸು. ನರ್ಸ್ ನನ್ನನ್ನು ಒಳಗಿನ ಕೋಣೆಯ ಹಲ್ಲಿನ ಕುರ್ಚಿಯಲ್ಲಿ ಕೂರಿಸಿ, ಬಾಯಿ ಮುಕ್ಕಳಿಸಲು ಕಾಗದದ ಲೋಟದಲ್ಲಿ ಮೌತ್‌ವಾಶ್ ಕೊಟ್ಟು ಹೋದಳು.

ಗುಲಾಬಿ ಬಣ್ಣ.

ಥೇಟ್ ಅದೇ ಗುಲಾಬಿ!

ನಾನು ಬಾಯಿ ಮುಕ್ಕಳಿಸಲಿಲ್ಲ. ಮೌತ್‌ವಾಶ್ ಬಾಟಲಿಯನ್ನೇ ಎತ್ತಿಕೊಂಡು, ತಂದಿದ್ದ ಖಾಲಿ ಬಾಟಲಿಗೆ ಬಗ್ಗಿಸಿದೆ. ಪಕ್ಕದ ಕೋಣೆಗೆ ನುಸುಳಿದೆ. ಅಲ್ಲಿ ಹೊಚ್ಚ ಹೊಸ ಇನ್‌ಕ್ಯುಬೇಟರ್, ಪ್ಯಾಕಿಂಗಿನ ಪ್ಲಾಸ್ಟಿಕ್ ಹಾಳೆ ಕೂಡ ಪೂರ್ತಿ ಸುಲಿದಿರಲಿಲ್ಲ. ಒಳಗೆ ಒಂದೇ ಒಂದು ಬಾಟಲಿ. ಅಕ್ಕನ ಹೆಸರಿದ್ದ ಚೀಟಿ ಕಿತ್ತು ಕ್ಲಿನಿಕ್ಕಿನ ಚೀಟಿ ಅಂಟಿಸಿದ್ದರು. ಆ ಚೀಟಿಯನ್ನು ಮೆಲ್ಲಗೆ ಬಿಡಿಸಿ ಮೌತ್‌ವಾಶ್‌ಗೆ ಅಂಟಿಸಿ ಒಳಗಿಟ್ಟೆ. ಅಕ್ಕನನ್ನು ಕಂಕುಳಿಗೆ ಸೇರಿಸಿದೆ. ಹಿಂದಿನ ಬಾಗಿಲ ಕಡೆ ತಿರುಗಿದೆ.

"ಕೈ ಮೇಲೆತ್ತು."

ಹಾಂ, ಈಗ ಪಿಸ್ತೂಲಿನ ಹತ್ತಿರ ಬಂದೆವು.

ಕುರುವಿನ ಮಾತು ಬಿಟ್ಟು ಡೆಂಟಿಸ್ಟ್ ಇನ್‌ಕ್ಯುಬೇಟರ್ ತೆಗೆದು ನೋಡಿದ. ಒಳಗೆ ಗುಲಾಬಿ ಬಾಟಲಿ, ಅದರ ಮೇಲೆ ತನ್ನ ಚೀಟಿ. ಅವನ ಮುಖಕ್ಕೆ ಜೀವ ಬಂತು. ಎರಡು ಕೈಯಲ್ಲೂ ಅದನ್ನು ಎತ್ತಿಕೊಂಡ, ಹಸುಗೂಸನ್ನು ಎತ್ತಿಕೊಂಡ ಹಾಗೆ. ಯಾರು ಕಳಿಸಿದ್ದೆಂದು ಆಮೇಲೆ ವಿಚಾರಿಸುತ್ತೇನೆ, ಇವನನ್ನು ಹಲ್ಲಿನ ಕುರ್ಚಿಯಲ್ಲಿ ಕೂರಿಸಿ ಕಾಯುತ್ತಿರು, ಬಾಯಿಬಿಟ್ಟರೆ ಮುಂದಿನ ನಾಲ್ಕು ಹಲ್ಲು ಉದುರಿಸು ಎಂದು ಸ್ವೆಟರನಿಗೆ ಹೇಳಿ ಹಾಲಿನ ಕಡೆ ನಡೆದ.

ಕೂತೆ. ಎಡಗೈ ಮೈಗೆ ಒತ್ತಿಕೊಂಡೇ ಇತ್ತು. ಬಾಟಲಿ ಬೆಚ್ಚಗಿತ್ತು. ಆದರೆ ಎಷ್ಟು ಹೊತ್ತು? ಆಚೆ ಮಧ್ಯಾಹ್ನ ಹತ್ತಿರವಾಗುತ್ತಿತ್ತು. ಆಸ್ಪತ್ರೆಯಲ್ಲಿ ಅಕ್ಕ ಹಸಿರು ಗೌನ್ ಹಾಕಿಕೊಂಡು ಪಕ್ಕದ ಮಂಚದವರ ತಲೆ ತಿನ್ನುತ್ತಿರುತ್ತಾಳೆ. ಏನೂ ಗೊತ್ತಿಲ್ಲ ಅವಳಿಗೆ.

ಸ್ವೆಟರ್ ಸ್ಟೂಲಿನ ಮೇಲೆ ಕೂತು ಪಿಸ್ತೂಲು ತೊಡೆಯ ಮೇಲಿಟ್ಟುಕೊಂಡ. ಆಗಲೇ ಅವನ ಮುಖ ಸರಿಯಾಗಿ ನೋಡಿದ್ದು. ಗಲ್ಲದ ಮೇಲೆ ಒಂದು ಹಳೆಯ ಗಾಯದ ಗುರುತು, ಅದರ ಸುತ್ತ ಹೊಸ ಕೊಯ್ತಗಳು, ಅಲ್ಲಲ್ಲಿ ಪ್ಲಾಸ್ಟರ್ ಚೂರು.

"ಏನು, ಬೆಕ್ಕು ಪರಚ್ತಾ?"

"ಶೇವಿಂಗು," ಎಂದ ಮುಖ ಸಿಂಡರಿಸಿ. "ಈ ಗಾಯದ ಮೇಲೆ ಕತ್ತಿ ಆಡ್ಸಕ್ಕೆ ಎಲ್ರಿಗೂ ಬರಲ್ಲ. ಒಬ್ರಿಗೆ ಬರ್ತಿತ್ತು. ಅಂಗಡಿ ಮುಚ್ಚಿಬಿಟ್ರು."

ನನ್ನ ಬೆನ್ನು ಕುರ್ಚಿಯಿಂದ ತಾನಾಗಿ ಎದ್ದಿತು.

"ನೀಲಿ ಬಾಗಿಲಾ? ಮೂಗು ಹಿಡಿದು ತಲೆ ತಿರುಗಿಸ್ತಾಳಾ?"

ಅವನು ಪಿಸ್ತೂಲು ಎತ್ತಿದ. "ನಿನಗೆಂಗೊತ್ತು?"

"ನನ್ನ ಅಕ್ಕ ಅವಳು."

ಸ್ವೆಟರ್ ಪಿಸ್ತೂಲನ್ನು ಮತ್ತೆ ತೊಡೆಗೆ ಇಳಿಸಿದ. ಹಾಲಿನಲ್ಲಿ ಡೆಂಟಿಸ್ಟನ ಭಾಷಣ ಕೇಳಿಸುತ್ತಿತ್ತು. ನಿಮ್ಮ ಮಕ್ಕಳ ಭವಿಷ್ಯ, ನಿಮ್ಮ ಮಕ್ಕಳ ನಗು... ಆಮೇಲೆ ಸ್ವೆಟರ್ ನೆಲ ನೋಡಿಕೊಂಡು ಹೇಳಿದ.

"ಕನ್ನಡಿ ಬಿದ್ದಾಗ ಕುರ್ಚೀಲಿದ್ದೋನು ನಾನೇ."

ನಾನು ಅವನ ತಲೆಯನ್ನೇ ನೋಡಿದೆ. ಅಕ್ಕ ಕೈ ಕೊಟ್ಟು ಉಳಿಸಿದ್ದು ಅದನ್ನೇ.

ಅವನು ಮುಂದುವರಿಸಿದ. ಆಸ್ಪತ್ರೆಯ ಬಾಗಿಲವರೆಗೆ ಹೋಗಿದ್ದನಂತೆ, ಒಳಗೆ ಹೋಗಲು ಮುಖವಿರಲಿಲ್ಲವಂತೆ. ಸಲೂನಿನ ಷಟರ್ ಮುಂದೆ ಎಷ್ಟೋ ಸಲ ನಿಂತು ವಾಪಸ್ ಬಂದಿದ್ದಾನಂತೆ. ದಪ್ಪ ಆಳಿನ ದನಿ ಬರಬರುತ್ತ ಸಣ್ಣಗಾಯಿತು.

"ಬೆಳಿಗ್ಗೆ ಲ್ಯಾಬಿಂದ ಒಂದು ಬಾಟಲಿ ಎತ್ಕೊಂಡು ಬಂದ್ಯಲ್ಲ," ಎಂದೆ. "ಒಳಗೇನಿತ್ತು ಗೊತ್ತಾ?"

"ಯಾವ್ದೋ ಔಷಧಿ ಅಂದ್ರು. ಬೆಚ್ಚಗಿಟ್ಕೊಂಡು ಬಾ ಅಂದ್ರು. ಸ್ವೆಟರ್ ಒಳಗೆ ಇಟ್ಕೊಂಡೆ."

"ಅಕ್ಕನ ಕೈಗೆ ಹಾಕೋ ನರ ಅದು. ಅವಳ ಹಲ್ಲಿಂದ ಬೆಳೆಸಿದ್ದು. ಇವತ್ತು ಮಧ್ಯಾಹ್ನ ಹಾಕ್ಬೇಕು. ಆಗ್ಲಿಲ್ಲ ಅಂದ್ರೆ ಇನ್ಯಾವತ್ತೂ ಇಲ್ಲ."

ಅಂಗಿಯ ಗುಂಡಿ ಬಿಚ್ಚಿ ಕಂಕುಳು ತೋರಿಸಿದೆ. ಅವನು ಬಾಟಲಿ ನೋಡಿದ. ತನ್ನ ಕೈ ನೋಡಿಕೊಂಡ. ಪಿಸ್ತೂಲನ್ನು ಪಕ್ಕದ ಉಗುಳುವ ಬೇಸಿನ್ನಿನೊಳಗೆ ಇಟ್ಟುಬಿಟ್ಟ. ಅದರಲ್ಲಿ ಗುಂಡೇ ಇರಲಿಲ್ಲವಂತೆ. ಗುಂಡು ಹಾಕಿದರೆ ತನಗೇ ಹೆದರಿಕೆ ಎಂದ.

ಅಷ್ಟರಲ್ಲಿ ಹಾಲಿನಲ್ಲಿ ಭಾಷಣ ನಿಂತಿತು.

ಏನಾಯಿತೆಂದು ಆಮೇಲೆ ತಿಳಿಯಿತು. ತಪಾಸಣೆಯ ಹೆಂಗಸು ಬಾಟಲಿಯನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದಳು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. ಇದಕ್ಕೆ ಪುದೀನದ ವಾಸನೆ ಯಾಕೆ ಬರುತ್ತಿದೆ ಎಂದು ಎಲ್ಲರ ಮುಂದೆ ಕೇಳಿದಳು. ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು, ನಮ್ಮ ಮಗಳ ಹಲ್ಲು ಎಲ್ಲಿದೆ ಮೊದಲು ಅದನ್ನು ತೋರಿಸಿ ಎಂದಳಂತೆ. ಆಮೇಲೆ ಒಬ್ಬೊಬ್ಬರೇ ಎದ್ದರು.

ಡೆಂಟಿಸ್ಟ್ ಒಳಗೆ ನುಗ್ಗಿದ. ಮುಖ ಅವನ ಕೋಟಿಗಿಂತ ಬೆಳ್ಳಗಿತ್ತು. ನೇರ ನನ್ನ ಮೇಲೆ ಬಿದ್ದು ಎಡಗೈ ಹಿಡಿದು ಮೇಲಕ್ಕೆ ಎಳೆದ. ದಿನವಿಡೀ ಹಲ್ಲು ಕೀಳುವವನ ಕೈ, ಸಾಮಾನ್ಯ ಬಲವೇ?

ಕಂಕುಳು ತೆರೆದುಕೊಂಡಿತು.

ಬಾಟಲಿ ಜಾರಿತು...

ಅಂಗಿಯ ತುದಿಯಿಂದ ಹೊರಗೆ ಬಂದದ್ದನ್ನು ನೋಡಿದೆ. ಹಿಡಿಯಲು ಕೈ ಇರಲಿಲ್ಲ. ಕೆಳಗೆ ಕಲ್ಲಿನ ನೆಲ. ಅಕ್ಕನ ಸಲೂನು, ಅಕ್ಕನ ಕತ್ತಿ, ಅಕ್ಕನ ವಟವಟ ಎಲ್ಲ ಸೇರಿ ಕೆಳಗೆ ಬೀಳುತ್ತಿತ್ತು.

ಸ್ವೆಟರ್ ಮಂಡಿಯೂರಿ ಸ್ವೆಟರಿನ ಅಂಚನ್ನು ಮಡಿಲಿನಂತೆ ಮುಂದಕ್ಕೆ ಎಳೆದು ಹಿಡಿದಿದ್ದ. ಬಾಟಲಿ ಮೆತ್ತಗೆ ಅದರೊಳಗೆ ಬಿತ್ತು.

"ಕೊಡೋ ಅದನ್ನ," ಡೆಂಟಿಸ್ಟ್ ಕಿರುಚಿದ. "ನಿನಗೆ ಅನ್ನ ಹಾಕ್ತಿರೋನು ನಾನು."

ಸ್ವೆಟರ್ ಬಾಟಲಿಯನ್ನು ನನ್ನ ಕೈಗೆ ಕೊಟ್ಟ. ಡೆಂಟಿಸ್ಟನನ್ನು ಕೋಟಿನ ಕಾಲರ್ ಹಿಡಿದು ಎತ್ತಿ ಹಲ್ಲಿನ ಕುರ್ಚಿಯಲ್ಲಿ ಮಲಗಿಸಿ, ಕಾಲಿನಿಂದ ಪೆಡಲ್ ಒತ್ತಿ ಹಿಡಿದ. ಕುರ್ಚಿ ಗುಂಯ್ ಎಂದು ಏರಿತು. ತಲೆ ಕೆಳಗಾಯಿತು, ಕಾಲು ಮೇಲಾಯಿತು. ಚಪ್ಪಲಿ ಕಳಚಿ ಸ್ಪಿರಿಟ್ ಬಾಟಲಿಗಳ ಸಾಲಿನ ಮೇಲೆ ಬಿತ್ತು. ಅವನನ್ನು ಹಾಗೇ ಬಿಟ್ಟು ಹಿಂದಿನ ಬಾಗಿಲಿನಿಂದ ಓಡಿದೆವು.

ಹೊರಗೆ ಸ್ವೆಟರನ ಸ್ಕೂಟರ್. ಹಳೆಯದು, ಕೆಮ್ಮುವಂಥದ್ದು. ನಾನು ಹಿಂದೆ ಹತ್ತಿದೆ, ಬಾಟಲಿ ಮತ್ತೆ ಸ್ವಸ್ಥಾನ ಸೇರಿತು. ಬೀದಿಯ ತಿರುವಿನಲ್ಲಿ ಗಾಳಿ ಅಂಗಿಯೊಳಗೆ ನುಗ್ಗಿ ಬಾಟಲಿ ತಣ್ಣಗಾಗತೊಡಗಿತು. ತಣ್ಣಗಾಗ್ತಿದೆ ಎಂದು ಕೂಗಿದೆ. ಅವನು ಗಕ್ಕನೆ ನಿಲ್ಲಿಸಿ, ತಲೆಯ ಮೇಲಿಂದ ಸ್ವೆಟರ್ ಕಿತ್ತು ನನ್ನ ಮೈಗೆ ಸುತ್ತಿದ. ಒಳಗಿದ್ದದ್ದು ಬನಿಯನ್ನು, ಅದರ ಕೆಳಗಿನಿಂದ ಇಣುಕುತ್ತಿದ್ದ ಭಾರಿ ಹೊಟ್ಟೆ. ಅದು ಕಾಣಬಾರದೆಂದೇ ವರ್ಷವಿಡೀ ಸ್ವೆಟರ್ ಹಾಕುವುದಂತೆ. ಯಾರಿಗೂ ಹೇಳಬೇಡಿ ಎಂದ.

ಹಿಂದೆ ಹಾರ್ನ್ ಕೇಳಿಸಿತು. ತಿರುಗಿದೆ.

ಕ್ಲಿನಿಕ್ಕಿನ ವ್ಯಾನು! ಅದರ ನೆತ್ತಿಯ ಮೇಲೆ ಜಾಹೀರಾತಿಗೆಂದು ನಿಲ್ಲಿಸಿದ್ದ ಆಳೆತ್ತರದ ಪ್ಲಾಸ್ಟಿಕ್ ಹಲ್ಲು. ಸ್ಟೀರಿಂಗಿನಲ್ಲಿ ಡೆಂಟಿಸ್ಟ್, ಬರಿಗಾಲಿನಲ್ಲಿ. ಜೀವನದಲ್ಲಿ ನನ್ನನ್ನು ಸಾಲಗಾರರು, ಗಂಡಂದಿರು, ನಾಯಿಗಳು ಅಟ್ಟಿಸಿಕೊಂಡು ಬಂದಿದ್ದಾರೆ. ಹಲ್ಲು ಅಟ್ಟಿಸಿಕೊಂಡು ಬಂದದ್ದು ಅಂದೇ.

ಸ್ಕೂಟರ್ ಓಡಿತು. ಹಲ್ಲು ಹಿಂದೆ ಬಂತು. ಸಂದಿಯೊಳಗೆ ನುಗ್ಗಿದೆವು, ಹಲ್ಲು ಸುತ್ತುಹಾಕಿ ಎದುರಿಗೆ ಬಂತು. ಫುಟ್‌ಪಾತಿನ ಮೇಲೆ ಹತ್ತಿದೆವು, ಒಬ್ಬ ಮುದುಕಪ್ಪ ಕೋಲು ಬೀಸಿದ, ಅದು ನನ್ನ ಬೆನ್ನಿಗೇ ಬಿತ್ತು. ಎಡಗೈ ಬಿಡುವ ಹಾಗಿಲ್ಲ, ಬಲಗೈಯಲ್ಲಿ ಸ್ವೆಟರನ ಹೊಟ್ಟೆಯನ್ನೇ ಹಿಡಿದುಕೊಂಡಿದ್ದೆ. ವ್ಯಾನಿನ ಮುಂಭಾಗ ನಮ್ಮ ಹಿಂದಿನ ಚಕ್ರಕ್ಕೆ ತಾಗುವಷ್ಟು ಹತ್ತಿರ ಬಂತು.

ಮುಂದೆ ರೈಲು ಹಳಿಯ ಕೆಳಗಿನ ದಾರಿ. ಅದರ ಬಾಯಿಗೆ ಅಡ್ಡಲಾಗಿ ಎತ್ತರದ ವಾಹನ ಬಾರದಿರಲೆಂದು ಹಾಕಿದ ಕಬ್ಬಿಣದ ಕಂಬಿ. ನಾವು ತಲೆ ತಗ್ಗಿಸುವ ಅಗತ್ಯವೂ ಇರಲಿಲ್ಲ. ವ್ಯಾನೂ ಸಲೀಸಾಗಿ ನುಗ್ಗುತ್ತಿತ್ತು. ಹಲ್ಲು ನುಗ್ಗಲಿಲ್ಲ.

ಢಬಾರ್!

ಬೇರುಸಮೇತ ಕಿತ್ತು ಬಂತು. ಉರುಳಿ ವ್ಯಾನಿನ ಮುಂಗಾಜಿನ ಮೇಲೆ ಕೂತಿತು. ವ್ಯಾನು ಗೋಡೆಗೆ ಒರಗಿ ನಿಂತಿತು. ಡೆಂಟಿಸ್ಟ್ ಕೆಳಗಿಳಿದು ಬರಿಗಾಲಿನಲ್ಲಿ ಹಲ್ಲಿನ ಪಕ್ಕ ನಿಂತದ್ದು ಕಾಣಿಸಿತು. ಕಿತ್ತ ಹಲ್ಲನ್ನು ಏನು ಮಾಡಬೇಕೆಂದು ಅಂದೂ ಅವನಿಗೆ ಗೊತ್ತಾದಂತಿರಲಿಲ್ಲ.

ಲ್ಯಾಬಿನ ಬಾಗಿಲಲ್ಲೇ ಮಾಜಿ ಹೆಂಡತಿ ನಿಂತಿದ್ದಳು. ಅಂಗಿಯೊಳಗೆ ತಾನೇ ಕೈಹಾಕಿ ಬಾಟಲಿ ಎಳೆದುಕೊಂಡಳು. ಬೆಳಕಿಗೆ ಹಿಡಿದಳು. ಗುಲಾಬಿ ಸ್ವಲ್ಪ ಕಿತ್ತಳೆಯ ಕಡೆ ತಿರುಗಿತ್ತು.

"ಹಾಳಾಯ್ತಾ?"

"ಹಸಿವಾಗಿದೆ ಅಷ್ಟೇ. ಸತ್ತಿದ್ರೆ ಹಸಿವಾಗ್ತಿರ್ಲಿಲ್ಲ."

ಮೈಕ್ರೋಸ್ಕೋಪಿನಡಿ ಇಟ್ಟು ನೋಡಿ ಸರಿದಳು, ನೋಡು ಎಂದಳು. ನೋಡಿದೆ. ಸಪೂರ ಸಪೂರ ಉದ್ದನೆ ಕೋಶಗಳು, ಎರಡೂ ಕಡೆ ಕೈಚಾಚಿ ಒಂದನ್ನೊಂದು ಮುಟ್ಟಿಕೊಂಡು ಮಲಗಿದ್ದವು. ಒಂದೂ ಉದುರಿರಲಿಲ್ಲ. ಅಕ್ಕನ ಹಲ್ಲಿನೊಳಗೆ ಇಂಥವು ಸುಮ್ಮನೆ ಕೂತಿದ್ದವೆಂದು ಯಾರಿಗೆ ಗೊತ್ತಿತ್ತು? ನನಗೆ ಅಳು ಬಂತು. ಬರಲಿ ಎಂದು ಬಿಟ್ಟೆ.

"ಎಲ್ಲಿಟ್ಕೊಂಡು ಬಂದೆ?"

ಎಡಗೈ ಎತ್ತಿ ತೋರಿಸಿದೆ. ಬೆಳಗಿನಿಂದ ಮೊದಲ ಸಲ. ಅವಳು ಮೂಗು ಮುಚ್ಚಿಕೊಂಡಳು, ಆದರೆ ಕಣ್ಣು ನಗುತ್ತಿತ್ತು. ಮುಚ್ಚಳ ಬಿಗಿಯಾಗಿದ್ದರಿಂದ ಬದುಕಿತು, ಅಕ್ಕನಿಗೆ ಮಾತ್ರ ಈ ವಿಷಯ ಹೇಳಬೇಡ ಎಂದಳು. ಅಕ್ಕ ಕತ್ತಿಯನ್ನು ಕುದಿಸಿದ ನೀರಿನಲ್ಲಿ ಅದ್ದದೆ ಗಿರಾಕಿಯ ಮುಖ ಮುಟ್ಟುವವಳಲ್ಲ. ಅಕ್ಕನಿಗೆ ಹೇಳಬೇಕಾದ ಸುಳ್ಳನ್ನು ನಾವು ಮೂವರೂ ಮಾತಾಡಿಕೊಂಡೆವು: ಸ್ಟೀಲಿನ ಬಿಸಿ ಪೆಟ್ಟಿಗೆ, ಆಂಬುಲೆನ್ಸು, ಸೈರನ್ನು.

ಆಪರೇಷನ್ ಆಯಿತು. ಅಂದೇ ಮಧ್ಯಾಹ್ನ.

ಅಕ್ಕನ ಹಲ್ಲು ಅಕ್ಕನ ಕೈ ಸೇರಿತು. ಡೆಂಟಿಸ್ಟ್ ಈಗ ಕಂಬಿಯ ಹಿಂದೆ ಇದ್ದಾನೆ. ಅಲ್ಲಿ ಹಲ್ಲುನೋವು ಬಂದವರು ಅವನನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲವಂತೆ.

ಕತೆ ಇಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಇಲ್ಲ. ಪಟ್ಟಿ ಬಿಚ್ಚಿದರು. ಬೆರಳು ಹಾಗೇ ಮರದ ತುಂಡು. ನರ ಇರುವೆಗಿಂತ ನಿಧಾನ ನಡೆಯುತ್ತದೆ, ಕಾಯಿರಿ ಎಂದ ಸರ್ಜನ್. ಕಾದೆವು. ಸಿಕ್ಕಾಗಲೆಲ್ಲ ಪಿನ್ನಿನಿಂದ ಅಕ್ಕನ ಹೆಬ್ಬೆರಳು ಚುಚ್ಚಿ, ಗೊತ್ತಾಯ್ತಾ ಎಂದು ಕೇಳುತ್ತಿದ್ದೆ. ಇಲ್ಲ ಎನ್ನುತ್ತಿದ್ದಳು. ಮೊದಮೊದಲು ನಗುತ್ತ, ಆಮೇಲೆ ಸಿಡುಕಿ, ಕೊನೆಗೆ ಬರೀ ತಲೆಯಾಡಿಸಿ. ತಿಂಗಳುಗಳು ಹೋದವು. ಅಕ್ಕನ ವಟವಟ ಕಡಿಮೆಯಾಯಿತು. ನನಗೆ ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿರಲಿಲ್ಲ.

ಸ್ವೆಟರ್ ದಿನಾ ಬರುತ್ತಿದ್ದ. ಮುಚ್ಚಿದ ಸಲೂನಿನ ಷಟರ್ ಅರ್ಧ ಎತ್ತಿ, ಧೂಳು ಹೊಡೆದು, ಹೊಸ ಕನ್ನಡಿ ಒರೆಸಿ, ಬೆಂಚಿನ ಮೇಲೆ ಕೂರುತ್ತಿದ್ದ. ತಪ್ಪು ಮಾಡಿದವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತದೆಯೇ? ಅಷ್ಟು ದೊಡ್ಡ ಹೊಟ್ಟೆಯಿದ್ದರೂ ನಿಲ್ಲಲಿಲ್ಲ. ಒಂದು ದಿನ ಅಕ್ಕನ ಮುಂದೆ ಎಲ್ಲ ಕಕ್ಕಿಬಿಟ್ಟ. ಕದ್ದದ್ದು, ಸ್ಕೂಟರು, ವ್ಯಾನು, ಹಲ್ಲು. ಮತ್ತೆ ಅದು.

ಅಕ್ಕ ನನ್ನ ಕಡೆ ತಿರುಗಿದಳು. ನಿಧಾನವಾಗಿ.

"ಕಂಕುಳಲ್ಲಾ?"

ನಾನು ಕನ್ನಡಿ ನೋಡತೊಡಗಿದೆ.

"ಅವತ್ತು ಸ್ನಾನ ಮಾಡಿದ್ಯೇನೋ?"

ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಿತ್ತು. ಬಲಗೈಯ ಏಟು, ಎಡಗೆನ್ನೆಗೆ. ಸಲೂನಿನ ಗೋಡೆಗಳು ಒಂದು ಸುತ್ತು ತಿರುಗಿ ನಿಂತವು.

ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಅಕ್ಕ ತನ್ನ ಅಂಗೈಯನ್ನೇ ನೋಡುತ್ತಿದ್ದಳು. ಹೆಬ್ಬೆರಳನ್ನು ಎಡಗೈಯಲ್ಲಿ ಹಿಡಿದು ಒತ್ತಿದಳು. ಮತ್ತೆ ಒತ್ತಿದಳು.

"ಉರೀತಿದೆ ಕಣೋ," ಎಂದಳು.

"ಎಲ್ಲಿ?"

"ಹೆಬ್ಬೆರಳು... ತೋರುಬೆರಳೂ..."

ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಸ್ವೆಟರ್ ಸ್ವೆಟರಿನಿಂದಲೇ ಮುಖ ಒರೆಸಿಕೊಂಡ. ನನ್ನ ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿತ್ತು, ಅಷ್ಟು ಇಂಪಾದ ಸದ್ದು ನಾನು ಕೇಳಿಯೇ ಇಲ್ಲ. ಆ ಕೆನ್ನೆಯನ್ನೇ ಮುಂದೆ ಮಾಡಿದೆ. ಇನ್ನೊಂದು ಸಲ ಹೊಡಿ, ಖಾತ್ರಿಯಾಗಲಿ ಎಂದೆ.

ಅಕ್ಕ ಎರಡು ಹೊಡೆದಳು. ಒಂದು ನರಕ್ಕೆ, ಇನ್ನೊಂದು ಕಂಕುಳಿಗೆ.